ಕೂಳೂರು: ಬಂಗರ ಹೆಸರು ಉಳಿದ ಹೊಳೆಬದಿಯ ಊರು

ಮಂಗಳೂರಿನಿಂದ ಉಡುಪಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಕೊಟ್ಟಾರ ಚೌಕಿಯ ನಂತರ ಸಿಗುವ ಊರು ಕೂಳೂರು. ಇಲ್ಲಿಂದ ಒಂದು ರಸ್ತೆ ಕಾವೂರಿಗೆ ತಿರುಗುತ್ತದೆ. ಹೆದ್ದಾರಿ ಫಲ್ಗುಣಿ ಹೊಳೆಯನ್ನು ದಾಟಿ ಪಣಂಬೂರಿಗೆ ಸಾಗುತ್ತದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳು ಅಕ್ಕಪಕ್ಕದಲ್ಲಿ ನೆಲೆಸಿರುವ ಬಡಾವಣೆ ಇದು. ಒಂದು ಕಾಲಕ್ಕೆ ಜೈನ ಅರಸರು ಆಳಿದ ಈ ಕರಾವಳಿಯಲ್ಲಿ ಇಂದು ಜೈನರು ಸಂಖ್ಯೆಯಲ್ಲಿ ಬಹಳ ಕಡಿಮೆ. ಆ ಬದಲಾವಣೆ ಹೇಗಾಯಿತೆಂದು ತಿಳಿಯಲು ಕೂಳೂರಿನ ಕಥೆ ನೆರವಾಗುತ್ತದೆ.

ಕಡವಿನಿಂದ ಸೇತುವೆಗೆ

ಗುರುಪುರ ನದಿಯೆಂದೂ ಕರೆಯುವ ಫಲ್ಗುಣಿಯು ಕೂಳೂರಿನ ಬಳಿಕ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿಯ ಮರಳದಂಡೆಯ ಪಕ್ಕದಲ್ಲೇ ಹರಿದು, ಹಳೆ ಬಂದರಿನ ಬಳಿ ನೇತ್ರಾವತಿಯನ್ನು ಸೇರುತ್ತದೆ. ಸೇತುವೆ ಬರುವ ಮೊದಲು ಉತ್ತರಕ್ಕೆ ಹೋಗುವವರು ಇಲ್ಲಿ ದೋಣಿಗೆ ಕಾಯಬೇಕಿತ್ತು. ಮಂಗಳೂರಿನ ಚಿಲಿಂಬಿ, ಕೊಟ್ಟಾರದ ಕಡೆ ಇಂದಿಗೂ ಬಳಕೆಯಲ್ಲಿರುವ ‘ಕೂಳೂರು ಫೆರಿ ರಸ್ತೆ’ ಎಂಬ ಹೆಸರು ಆ ಕಡವಿನ ನೆನಪು. 1950ರ ದಶಕದಲ್ಲಿ ಬಂದ ಕಮಾನು ಸೇತುವೆಯಿಂದ ಕೂಳೂರು ಹೆದ್ದಾರಿಯ ಊರಾಯಿತು.

ಬಂಗರ ಹೆಸರು

ಕೂಳೂರಿನ ಒಂದು ಭಾಗಕ್ಕೆ ‘ಬಂಗ್ರಕೂಳೂರು’ ಎಂದು ಹೆಸರು. ಕಾಸರಗೋಡು ಜಿಲ್ಲೆಯಲ್ಲಿ ‘ಬಂಗ್ರಮಂಜೇಶ್ವರ’ ಎಂಬ ಇನ್ನೊಂದು ಊರಿದೆ. ಅದೂ ಹೊಳೆಬದಿಯದೇ, ಅಲ್ಲಿನ ಚತುರ್ಮುಖ ಬಸದಿ ಜೈನರಿಗೆ ಪರಿಚಿತ. ಹೆಸರೊಂದೇ ಇತಿಹಾಸಕ್ಕೆ ಪುರಾವೆಯಾಗದು. ಆದರೂ ಕರಾವಳಿಯ ಚರಿತ್ರೆ ಬಲ್ಲವರಿಗೆ ಈ ಎರಡೂ ಹೆಸರುಗಳು ಬಂಗ ಅರಸರನ್ನು ನೆನಪಿಗೆ ತರುತ್ತವೆ.

ಬಂಗವಾಡಿ ಮತ್ತು ನಂದಾವರಗಳಲ್ಲಿ ನೆಲೆಯಿದ್ದ ಬಂಗರು ಜೈನ ಮತದ, ಅಳಿಯಸಂತಾನ ಕ್ರಮದ ಅರಸರು. ಮಂಗಳೂರೂ ಅವರ ಆಳ್ವಿಕೆಗೆ ಸೇರಿತ್ತು. ನೇತ್ರಾವತಿಯ ಆಚೆ ಉಳ್ಳಾಲದಲ್ಲಿ ಚೌಟರು, ಉತ್ತರಕ್ಕೆ ಮೂಲ್ಕಿಯಲ್ಲಿ ಸಾವಂತರು, ಅವರೂ ಜೈನರೇ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಮನೆತನದವಳು. ಆಕೆಯ ವಿವಾಹವಾದದ್ದು ಬಂಗ ಮನೆತನದ ಅರಸನೊಂದಿಗೆ. 1623ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯ ಬಗ್ಗೆಯೂ ಬಂಗ ಅರಸನ ಬಗ್ಗೆಯೂ ಬರೆದಿದ್ದಾನೆ. ಮನೆತನದ ಕೊನೆಯ ದೊಡ್ಡ ಹೆಸರು ನಂದಾವರದ ಲಕ್ಷ್ಮಪ್ಪ ಬಂಗರಸ. 1837ರ ರೈತ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ನಿಂತ ಆತನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು.

ಅರಸೊತ್ತಿಗೆ ಹೋದರೂ ಅದರ ಕೆಲವು ಆಚರಣೆಗಳು ಉಳಿದಿವೆ. ಪಡುಪಣಂಬೂರಿನ ಮೂಲ್ಕಿ ಸೀಮೆ ಅರಸು ಕಂಬಳ ಇಂದಿಗೂ ಸಾವಂತ ಅರಸರ ಮನೆತನದ ಹೆಸರಿನಲ್ಲಿ ನಡೆಯುತ್ತದೆ. ಬಂಗ್ರಕೂಳೂರಿನ ಗೋಲ್ಡ್‌ಫಿಂಚ್ ಸಿಟಿಯ ಮೈದಾನದಲ್ಲೂ ಈಚಿನ ವರ್ಷಗಳಲ್ಲಿ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ನಡೆಯುತ್ತಿದೆ.

1974: ಎರಡು ತಿರುವು

ಇಂದಿನ ಕೂಳೂರನ್ನು ರೂಪಿಸಿದ್ದು ಬಂದರು. 1974ರ ಮೇ 4ರಂದು ಪಣಂಬೂರಿನ ನವಮಂಗಳೂರು ಬಂದರನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. ಬಳಿಕ ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರು ಘಟಕ, ತೈಲ ಸಂಸ್ಕರಣಾಗಾರ ಒಂದೊಂದಾಗಿ ಬಂದವು. ಅಲ್ಲಿ ದುಡಿಯುವವರಿಗೆ ಹೊಳೆಯ ಈಚೆಯ ಕೂಳೂರು, ಪಂಜಿಮೊಗರು, ಕಾವೂರು ಅನುಕೂಲವಾದವು. ಗದ್ದೆ ತೋಟಗಳ ಜಾಗದಲ್ಲಿ ಮನೆಗಳು ಎದ್ದವು.

ಅದೇ ವರ್ಷದ ಮಾರ್ಚ್ 1 ಕರಾವಳಿಯ ಜೈನ ಮನೆತನಗಳಿಗೆ ಬೇರೆಯೇ ಕಾರಣಕ್ಕೆ ಮರೆಯಲಾಗದ ದಿನ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಂತೆ ಅಂದಿನಿಂದ ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಉಳುವ ಒಕ್ಕಲಿಗೆ ಹಕ್ಕು ದೊರೆಯಿತು. ತಲೆಮಾರುಗಳಿಂದ ಗೇಣಿಗೆ ದುಡಿದವರಿಗೆ ಅದು ನ್ಯಾಯ. ಗೇಣಿಯ ಅಕ್ಕಿಯನ್ನೇ ನಂಬಿದ್ದ ಬೀಡು, ಗುತ್ತು, ಬಸದಿಗಳಿಗೆ ಅದು ದೊಡ್ಡ ಪೆಟ್ಟು. ಮೂಡುಬಿದಿರೆ, ಕಾರ್ಕಳ, ವೇಣೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಓದು, ಬ್ಯಾಂಕು, ಕಾರ್ಖಾನೆಯ ನೌಕರಿಗಳತ್ತ ಹೊರಳಿದರು. ಮಂಗಳೂರಿನ ಬಡಾವಣೆಗಳಲ್ಲಿ ಜೈನ ಮನೆಗಳು ಇಂದು ಅಲ್ಲೊಂದು ಇಲ್ಲೊಂದಾಗಿ ಕಾಣುವುದರ ಹಿಂದೆ ಈ ಬದಲಾವಣೆಯೂ ಇದೆ.

ನೆರೆಹೊರೆ ಮತ್ತು ಆಚರಣೆ

ಇಲ್ಲಿ ಬೀದಿಯ ಮಾತು ತುಳು. ಮನೆಯೊಳಗೆ ಕ್ರೈಸ್ತರದು ಕೊಂಕಣಿ, ಬ್ಯಾರಿಗಳದು ಬ್ಯಾರಿ. ತುಳುನಾಡಿನ ಜೈನರ ಮನೆಮಾತೂ ತುಳುವೇ ಆದ್ದರಿಂದ ನೆರೆಹೊರೆಯಲ್ಲಿ ಬೆರೆಯಲು ಭಾಷೆ ಅಡ್ಡಿಯಾಗದು. ಕಷ್ಟ ಬರುವುದು ಆಚರಣೆಯಲ್ಲಿ. ಮೂಡುಬಿದಿರೆಯಂಥ ಊರಿನಲ್ಲಿ ಹದಿನೆಂಟು ಬಸದಿಗಳಿವೆ. ಬೆಳಗಿನ ದರ್ಶನ ನಡೆದು ಹೋಗುವಷ್ಟು ಹತ್ತಿರ. ನಗರದ ಬಡಾವಣೆಯಲ್ಲಿ ದರ್ಶನಕ್ಕೆ ಬಜಿಲಕೇರಿಯ ಬಸದಿಯವರೆಗೆ ಹೋಗಬೇಕು. ಸಂಜೆ ಪಾಳಿಯಲ್ಲಿ ದುಡಿಯುವವರು ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ನಿಯಮ ಪಾಲಿಸಲು ಬುತ್ತಿ ಒಯ್ಯಬೇಕು.

ಹೀಗಾಗಿ ದೇವರಕೋಣೆಯ ನಿತ್ಯಪೂಜೆ, ದಶಲಕ್ಷಣ ಪರ್ವದ ಸ್ವಾಧ್ಯಾಯ, ಜೀವದಯಾಷ್ಟಮಿ, ನೋಂಪಿಗಳ ಹೊಣೆ ಹೆಚ್ಚಾಗಿ ಮನೆಯ ಮೇಲೆಯೇ ಬೀಳುತ್ತದೆ. ದೂರದೂರದ ಮನೆಗಳನ್ನು ಒಂದೆಡೆ ಸೇರಿಸಲು ಭಾರತೀಯ ಜೈನ್ ಮಿಲನ್‌ನಂಥ ಸಂಘಟನೆಗಳ ಸಭೆ, ಜಿನಭಜನೆಗಳು ನೆರವಾಗುತ್ತವೆ. ಮಕ್ಕಳಿಗೆ ಬೇರೆ ಜೈನ ಮಕ್ಕಳ ಪರಿಚಯವಾಗುವುದೂ ಅಲ್ಲಿಯೇ.

ಗಣತಿಯಲ್ಲಿ ಗುರುತು

ಬಲ್ಲಾಳ್, ಹೆಗ್ಡೆ, ಶೆಟ್ಟಿ ಎಂಬ ಹೆಸರುಗಳು ಕರಾವಳಿಯಲ್ಲಿ ಜೈನರಿಗೂ ಬಂಟರಿಗೂ ಇವೆ. ಹೆಸರು ಕೇಳಿ ಮತವನ್ನು ಊಹಿಸಿದರೆ ತಪ್ಪಾಗುವುದು ಸಹಜ. 2011ರ ಜನಗಣತಿಯಲ್ಲಿ ಕರ್ನಾಟಕದ ಜೈನರ ಸಂಖ್ಯೆ 4,40,280. 2014ರಲ್ಲಿ ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದ ನಂತರ ಬರುವ ಮೊದಲ ಜನಗಣತಿ 2027ರದು. ಗಣತಿದಾರರು ಬಂದಾಗ ಮತ ‘ಜೈನ’, ಮಾತೃಭಾಷೆ ‘ತುಳು’ ಎಂದು ಸ್ಪಷ್ಟವಾಗಿ ಹೇಳಿ, ಹಾಗೆಯೇ ದಾಖಲಾಯಿತೇ ಎಂದು ನೋಡಿಕೊಳ್ಳುವುದು ಪ್ರತಿ ಕುಟುಂಬದ ಕೈಯಲ್ಲಿದೆ. ಬಸದಿಯ ಸುತ್ತ ಒಟ್ಟಾಗಿ ನೆಲೆಸಿದವರಿಗಿಂತ, ಕೂಳೂರಿನಂಥ ಮಿಶ್ರ ಬಡಾವಣೆಗಳಲ್ಲಿ ಚದುರಿರುವ ಮನೆಗಳಿಗೆ ಈ ಎಚ್ಚರ ಹೆಚ್ಚು ಬೇಕು.