ಮೃಗದ ಗುರುತು ಮತ್ತು ಜನಸಂಖ್ಯೆಯ ಭಯ

ಅಮೆರಿಕದ ಜಾರ್ಜಿಯಾ ರಾಜ್ಯದ ಎಲ್ಬರ್ಟನ್ ಗ್ರಾನೈಟ್ ಗಣಿಗಳಿಗೆ ಹೆಸರಾದ ಊರು. ಅದರ ಹೊರವಲಯದ ದಿಬ್ಬದ ಮೇಲೆ 1980ರಲ್ಲಿ ಸುಮಾರು 19 ಅಡಿ ಎತ್ತರದ ಕಲ್ಲುಚಪ್ಪಡಿಗಳನ್ನು ನಿಲ್ಲಿಸಲಾಯಿತು. ಮಾಡಿಸಿದವನು ತನ್ನ ನಿಜವಾದ ಹೆಸರು ಹೇಳಲಿಲ್ಲ; ಆರ್.ಸಿ. ಕ್ರಿಶ್ಚಿಯನ್ ಎಂಬ ಮಾರುಹೆಸರಿನಲ್ಲಿ ಬಂದು ಕೆಲಸ ಒಪ್ಪಿಸಿದ. ಚಪ್ಪಡಿಗಳ ಮೇಲೆ ಎಂಟು ಭಾಷೆಗಳಲ್ಲಿ ಹತ್ತು ಸೂತ್ರಗಳನ್ನು ಕೆತ್ತಲಾಗಿತ್ತು, ಹಿಂದಿಯೂ ಆ ಎಂಟರಲ್ಲಿ ಒಂದು. ಮೊದಲ ಸೂತ್ರದ ಪ್ರಕಾರ ಮನುಕುಲದ ಸಂಖ್ಯೆಯನ್ನು 50 ಕೋಟಿಯೊಳಗೆ ಇಟ್ಟುಕೊಳ್ಳಬೇಕು. ಆಗ ಜಗತ್ತಿನಲ್ಲಿದ್ದವರು ಸುಮಾರು 440 ಕೋಟಿ. ಮಿಕ್ಕ 390 ಕೋಟಿ ಜನರ ಗತಿ ಏನು ಎಂದು ಓದಿದವರು ಕೇಳಿದ್ದು ಸಹಜ. ಬೈಬಲ್ಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯನ್ನು ನಾಳಿನ ದಿನಪತ್ರಿಕೆಯಂತೆ ಓದುವ ಅಲ್ಲಿನ ಅನೇಕ ಕ್ರೈಸ್ತರಿಗೆ ಉತ್ತರ ಸ್ಪಷ್ಟವಾಗಿತ್ತು: ಇದು ಸೈತಾನನ ಆಜ್ಞೆ, ಬರಲಿರುವ ಒಂದೇ ಜಾಗತಿಕ ಸರ್ಕಾರದ ಮುನ್ಸೂಚನೆ. 2022ರಲ್ಲಿ ಗವರ್ನರ್ ಹುದ್ದೆಯ ಆಕಾಂಕ್ಷಿಯೊಬ್ಬರು ಈ ಕಲ್ಲುಗಳನ್ನು ಕೆಡವುವುದನ್ನು ಚುನಾವಣಾ ಭರವಸೆಯನ್ನಾಗಿ ಮಾಡಿಕೊಂಡರು. ಅದೇ ವರ್ಷದ ಜುಲೈ 6ರ ನಸುಕಿನಲ್ಲಿ ಯಾರೋ ಸ್ಫೋಟಕ ಇಟ್ಟು ಒಂದು ಚಪ್ಪಡಿಯನ್ನು ಒಡೆದರು. ಉಳಿದವನ್ನು ಸುರಕ್ಷತೆಯ ಕಾರಣ ಹೇಳಿ ಅಂದೇ ಕೆಡವಿಹಾಕಲಾಯಿತು.

ಇಂಥ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅನ್ಯಾಯವೂ ಹೌದು. ಬಡವರ ಸಂತಾನವನ್ನು ಮೇಲಿನಿಂದ ಅಳೆದು ಕತ್ತರಿಸುವ ಯೋಜನೆಗಳು ಇಪ್ಪತ್ತನೆಯ ಶತಮಾನದಲ್ಲಿ ನಿಜವಾಗಿಯೂ ಇದ್ದವು. ಅವುಗಳ ಹಿಂದೆ ಸರ್ಕಾರಗಳಿದ್ದವು, ಬ್ಯಾಂಕುಗಳಿದ್ದವು, ಪ್ರತಿಷ್ಠಿತ ವಿದ್ವಾಂಸರಿದ್ದರು. ನನ್ನ ತಕರಾರು ಇರುವುದು ಅಂತ್ಯಕಾಲದ ಪ್ರವಾದನೆಯ ಚೌಕಟ್ಟಿನ ಬಗ್ಗೆ. ನಿಜವಾಗಿ ನಡೆದ ಅನ್ಯಾಯವನ್ನು ಅದು ಎತ್ತಿಕೊಂಡು ಹೋಗಿ, ಯಾವ ನ್ಯಾಯಾಲಯಕ್ಕೂ ಎಟುಕದ ಅಗೋಚರ ಶಕ್ತಿಯೊಂದರ ತಲೆಗೆ ಕಟ್ಟುತ್ತದೆ. ಉತ್ತರ ಕೊಡಬೇಕಾಗಿದ್ದ ಮನುಷ್ಯರು ಆ ಗದ್ದಲದಲ್ಲಿ ತಪ್ಪಿಸಿಕೊಳ್ಳುತ್ತಾರೆ.

ಮೊದಲು ಆ ಪುಸ್ತಕವನ್ನೇ ನೋಡೋಣ. ‘ಪ್ರಕಟನೆ’ ರಚನೆಯಾದದ್ದು ಕ್ರಿ.ಶ. ಒಂದನೆಯ ಶತಮಾನದ ಕೊನೆಯ ಭಾಗದಲ್ಲಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ, ಇಂದಿನ ತುರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಇದನ್ನು ಬರೆದ. ಆ ಸಭೆಗಳು ರೋಮ್ ಸಾಮ್ರಾಜ್ಯದ ನೆರಳಿನಲ್ಲಿ, ಚಕ್ರವರ್ತಿಯನ್ನು ಪೂಜಿಸಬೇಕೆಂಬ ಒತ್ತಡದ ನಡುವೆ ಬದುಕುತ್ತಿದ್ದ ಸಣ್ಣ ಗುಂಪುಗಳು. ಹದಿಮೂರನೆಯ ಅಧ್ಯಾಯದಲ್ಲಿ ಬರುವ ಮೃಗ, ಅದರ ಗುರುತಿಲ್ಲದವರು ಕೊಳ್ಳುವಂತಿಲ್ಲ ಮಾರುವಂತಿಲ್ಲ ಎಂಬ ಕಟ್ಟಳೆ, 666 ಎಂಬ ಸಂಖ್ಯೆ, ಇವೆಲ್ಲ ಆ ಓದುಗರಿಗೆ ಅರ್ಥವಾಗುವ ಸಂಕೇತಗಳಾಗಿದ್ದವು. ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಅವುಗಳ ಸಂಖ್ಯಾಮೌಲ್ಯ ಕೂಡಿದರೆ 666 ಬರುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದಿದೆ. ಅದೇ ಹೆಸರಿನ ಲ್ಯಾಟಿನ್ ರೂಪಕ್ಕೆ ಆ ಮೊತ್ತ ಹೊಂದುತ್ತದೆ. ಭಯದ ಮೂಲ ಹುಡುಕುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಪುಸ್ತಕದಲ್ಲಿ ಭೂಮಿಯ ನಾಲ್ಕನೆಯ ಒಂದು ಭಾಗ, ಮನುಷ್ಯರಲ್ಲಿ ಮೂರನೆಯ ಒಂದು ಭಾಗ ಸಾಯುವ ದರ್ಶನಗಳಿವೆ ನಿಜ. ಆದರೆ ಅವೆಲ್ಲ ಯುದ್ಧ, ಕ್ಷಾಮ, ವ್ಯಾಧಿಗಳ ರೂಪದಲ್ಲಿ ಬರುವ ದೈವೀ ತೀರ್ಪಿನ ಚಿತ್ರಗಳು. ಜಾಗತಿಕ ಸರ್ಕಾರವೊಂದು ಜನಸಂಖ್ಯೆ ತಗ್ಗಿಸಲು ಸಂಚು ಹೂಡುವ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಅದು ನಂತರದವರು ಸೇರಿಸಿದ್ದು.

ಸೇರ್ಪಡೆಯ ಇತಿಹಾಸ ತೀರಾ ಹಳೆಯದೇನಲ್ಲ. ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್ ‘ಪ್ರಕಟನೆ’ಯಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ಸಾಂಕೇತಿಕವಾಗಿ ಓದಿದ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳೂ ಹಲವಾರು ಪ್ರಾಟೆಸ್ಟಂಟ್ ಪಂಗಡಗಳೂ ಇಂದಿಗೂ ಹೆಚ್ಚುಕಡಿಮೆ ಅದೇ ಜಾಡಿನಲ್ಲಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಬೇರೊಂದು ನಕ್ಷೆ ಹಾಕಿಕೊಟ್ಟ. ಮೊದಲು ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುತ್ತಾರೆ, ಆಮೇಲೆ ಏಳು ವರ್ಷದ ಮಹಾಸಂಕಟ, ಆಗ ಕ್ರಿಸ್ತವಿರೋಧಿಯ ಜಾಗತಿಕ ಆಳ್ವಿಕೆ, ಕೊನೆಗೆ ಕ್ರಿಸ್ತನ ಪುನರಾಗಮನ. 1909ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತಂದ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿಗಳ ಮೂಲಕ ಈ ನಕ್ಷೆ ಅಮೆರಿಕದ ಮನೆಮನೆ ಸೇರಿತು. ಮೂಲವಚನ ಎಲ್ಲಿ ಮುಗಿಯುತ್ತದೆ, ಟಿಪ್ಪಣಿ ಎಲ್ಲಿ ಶುರುವಾಗುತ್ತದೆ ಎಂಬ ಅಂತರ ಅನೇಕ ಓದುಗರ ಮನಸ್ಸಿನಲ್ಲಿ ಮಸುಕಾಯಿತು. 1970ರಲ್ಲಿ ಬಂದ ಹಾಲ್ ಲಿಂಡ್ಸೆಯ ‘ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ತ್’ ಆ ದಶಕದ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳಲ್ಲಿ ಒಂದಾಯಿತು. 1995ರಿಂದ ಬಂದ ‘ಲೆಫ್ಟ್ ಬಿಹೈಂಡ್’ ಕಾದಂಬರಿ ಮಾಲೆಯಲ್ಲಿ ಕ್ರಿಸ್ತವಿರೋಧಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿಯೇ ಕಾಣಿಸಿಕೊಳ್ಳುತ್ತಾನೆ. ಕೋಟಿಗಟ್ಟಲೆ ಪ್ರತಿಗಳು ಖರ್ಚಾದ ಇಂಥ ಕಥೆ ಓದಿ ಬೆಳೆದವರಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಹೆಸರು ಕೇಳಿದೊಡನೆ ಮೈ ಜುಂ ಎನ್ನುವುದು ಆಶ್ಚರ್ಯವಲ್ಲ.

ಈ ಓದಿನ ದೌರ್ಬಲ್ಯ ಬಯಲಾಗುವ ಜಾಗವೂ ಇಲ್ಲೇ ಇದೆ. 1968ರಲ್ಲಿ ಪಾಲ್ ಎರ್ಲಿಕ್ ‘ದಿ ಪಾಪ್ಯುಲೇಷನ್ ಬಾಂಬ್’ ಬರೆದು, ಕೋಟ್ಯಂತರ ಜನ ಹಸಿವಿನಿಂದ ಸಾಯುವುದು ತಪ್ಪದು ಎಂದು ಸಾರಿದಾಗ, ಪ್ರವಾದನಾ ಬರಹಗಾರರಲ್ಲಿ ಹಲವರು ಜನಸಂಖ್ಯೆ ಏರುತ್ತಿರುವುದನ್ನೂ ಬರಲಿರುವ ಕ್ಷಾಮವನ್ನೂ ಕಡೇ ದಿನಗಳ ಗುರುತಾಗಿ ತೋರಿಸಿದರು. ಮುಂದೆ ಅದೇ ವಚನಗಳನ್ನು ಹಿಡಿದು ಜನಸಂಖ್ಯೆ ಇಳಿಸುವ ಸಂಚೇ ಕಡೇ ದಿನಗಳ ಗುರುತು ಎಂದರು. ಏರಿದರೂ ಅಂತ್ಯ, ಇಳಿದರೂ ಅಂತ್ಯ ಎನ್ನುವ ವ್ಯಾಖ್ಯಾನ ಜಗತ್ತಿನ ಬಗ್ಗೆ ನಮಗೆ ಏನನ್ನೂ ತಿಳಿಸಲಾರದು. ಅಂತ್ಯಕ್ಕೆ ದಿನ ಗೊತ್ತುಮಾಡಿದವರ ಕಥೆಯೂ ಹೀಗೆಯೇ. 1844ರ ಅಕ್ಟೋಬರ್ 22ರಂದು ಅಮೆರಿಕದ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳು ಕ್ರಿಸ್ತನಿಗಾಗಿ ಕಾದು ನಿರಾಶರಾದರು. 2011ರ ಮೇ 21ಕ್ಕೆ ಹೆರಾಲ್ಡ್ ಕ್ಯಾಂಪಿಂಗ್ ದಿನ ನಿಗದಿ ಮಾಡಿದಾಗ ಕೆಲವರು ಉಳಿತಾಯದ ಹಣವನ್ನೆಲ್ಲ ಪ್ರಚಾರಕ್ಕೆ ಸುರಿದರು. ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರು ಎಂದು ಮತ್ತಾಯನ ಸುವಾರ್ತೆಯಲ್ಲಿ ಸ್ವತಃ ಯೇಸುವೇ ಹೇಳಿರುವಾಗ, ಪಂಚಾಂಗ ಹಿಡಿದು ಕೂರುವುದು ಆ ಗ್ರಂಥಕ್ಕೆ ತೋರುವ ನಿಷ್ಠೆ ಎಂದು ನನಗೆ ಅನ್ನಿಸುವುದಿಲ್ಲ.

ಇಷ್ಟಾದರೂ ಭಯಪಡುವವರ ಬಲವಾದ ಆಕ್ಷೇಪ ಬಾಕಿ ಇದೆ: ದಾಖಲೆಗಳೇ ಇವೆಯಲ್ಲ? ಹೌದು, ಇವೆ. 1974ರ ಡಿಸೆಂಬರಿನಲ್ಲಿ ಹೆನ್ರಿ ಕಿಸಿಂಜರ್ ಉಸ್ತುವಾರಿಯಲ್ಲಿ ಸಿದ್ಧವಾದ ಗೋಪ್ಯ ವರದಿಯೊಂದು, ಬಡ ರಾಷ್ಟ್ರಗಳ ಜನಸಂಖ್ಯೆಯ ಏರಿಕೆಯನ್ನು ಅಮೆರಿಕದ ಭದ್ರತೆ ಹಾಗೂ ಖನಿಜಗಳ ಪೂರೈಕೆಯ ಪ್ರಶ್ನೆಯನ್ನಾಗಿ ನೋಡಿತು. ವಿಶೇಷ ಗಮನಕ್ಕೆಂದು ಅದು ಆಯ್ದ ಹದಿಮೂರು ದೇಶಗಳಲ್ಲಿ ಭಾರತವೂ ಇತ್ತು. ವಿಶ್ವಬ್ಯಾಂಕಿನ ನೆರವಿನ ಭಾರತದ ಮೊದಲ ಜನಸಂಖ್ಯಾ ಯೋಜನೆ 1973ರಲ್ಲಿ ಶುರುವಾದದ್ದು ಕರ್ನಾಟಕ ಮತ್ತು ಉತ್ತರ ಪ್ರದೇಶದ ಕೆಲವು ಜಿಲ್ಲೆಗಳಲ್ಲಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಮೇಷ್ಟರುಗಳಿಗೂ ಪೊಲೀಸರಿಗೂ ಗುರಿ ನಿಗದಿಯಾಗಿತ್ತು. ಹಳ್ಳಿಗಳನ್ನು ಸುತ್ತುವರಿದು ಗಂಡಸರನ್ನು ಎಳೆದೊಯ್ದದ್ದೂ ಉಂಟು. ಅದೇ ಅವಧಿಯಲ್ಲಿ ಭಾರತಕ್ಕೆ ಬಂದ ವಿಶ್ವಬ್ಯಾಂಕಿನ ಅಧ್ಯಕ್ಷ ರಾಬರ್ಟ್ ಮೆಕ್‌ನಮಾರಾ ಸರ್ಕಾರದ ದೃಢನಿಶ್ಚಯವನ್ನು ಮೆಚ್ಚಿ ಮಾತನಾಡಿದರು. ಪೆರುವಿನಲ್ಲಿ ಫುಜಿಮೊರಿ ಸರ್ಕಾರ 1996ರಿಂದ 2000ದವರೆಗೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಹೆಂಗಸರಿಗೆ ಆಪರೇಷನ್ ಮಾಡಿಸಿತು. ಅವರಲ್ಲಿ ಬಹಳಷ್ಟು ಮಂದಿ ಬೆಟ್ಟಪ್ರದೇಶದ ಬಡ ಮೂಲನಿವಾಸಿಗಳು. ಇದನ್ನೆಲ್ಲ ತಿಳಿದವರು ಅನುಮಾನ ಪಡುವುದು ವಿವೇಕವೇ.

ಆದರೆ ಇಂಥ ದೌರ್ಜನ್ಯಗಳನ್ನು ವಿರೋಧಿಸಿದ ಕ್ರೈಸ್ತರ ಚರಿತ್ರೆ ಏನು ಹೇಳುತ್ತದೆ? 1920ರ ದಶಕದಲ್ಲಿ ‘ಯೋಗ್ಯ’ರು ಮಾತ್ರ ಹೆರಬೇಕೆನ್ನುವ ಸುಸಂತಾನವಾದ ಅಮೆರಿಕದಲ್ಲಿ ಪ್ರಗತಿಯ ಮಾತಾಗಿತ್ತು. 1926ರಲ್ಲಿ ಅಮೆರಿಕನ್ ಯುಜೆನಿಕ್ಸ್ ಸೊಸೈಟಿ ಆ ವಿಷಯದ ಮೇಲೆ ಧರ್ಮಪ್ರಸಂಗದ ಸ್ಪರ್ಧೆ ನಡೆಸಿದಾಗ ಅನೇಕ ಪಾದ್ರಿಗಳು ಉತ್ಸಾಹದಿಂದ ಭಾಗವಹಿಸಿದರು. ಮರುವರ್ಷ ಬಲವಂತದ ಸಂತಾನಹರಣ ಸಿಂಧುವೆಂದು ಅಲ್ಲಿನ ಸುಪ್ರೀಂ ಕೋರ್ಟ್ 8-1ರ ತೀರ್ಪು ಕೊಟ್ಟಿತು; ಒಪ್ಪದ ಒಬ್ಬರೇ ನ್ಯಾಯಮೂರ್ತಿ ಪಿಯರ್ಸ್ ಬಟ್ಲರ್ ಕ್ಯಾಥೊಲಿಕರು. ಅಮೆರಿಕದಲ್ಲಿ ಇಂಥ ಕಾನೂನುಗಳಿಗೆ 60 ಸಾವಿರಕ್ಕೂ ಹೆಚ್ಚು ಜನ ಗುರಿಯಾದರು. ಇದನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ 1922ರಲ್ಲೇ ಇಡೀ ಪುಸ್ತಕ ಬರೆದ ಜಿ.ಕೆ. ಚೆಸ್ಟರ್‌ಟನ್ ಇದ್ದರು, 1930ರ ಪತ್ರದಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಇದ್ದರು. ಮನುಷ್ಯನ ದೇಹದ ಅಂಗಗಳ ಮೇಲೆ ಸರ್ಕಾರಕ್ಕೆ ನೇರ ಅಧಿಕಾರವಿಲ್ಲ ಎಂಬುದು ಅವರ ವಾದದ ತಿರುಳು. ಅದಕ್ಕೆ ಅವರು 666ರ ಲೆಕ್ಕ ಹಾಕಬೇಕಾಗಲಿಲ್ಲ. ಗರ್ಭನಿರೋಧಕಗಳ ಬಗ್ಗೆ ಕ್ಯಾಥೊಲಿಕ್ ಸಭೆಯ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಬಲವಂತದ ವಿರುದ್ಧ ಅದು ಆಡಿದ ಮಾತು ಯಾವ ಧರ್ಮದವರೂ, ಧರ್ಮವಿಲ್ಲದವರೂ ತೂಗಿ ನೋಡಬಹುದಾದ ಮಾತು.

ಪ್ರವಾದನೆಯ ಭಾಷೆ ಈ ಮಾತನ್ನು ನುಂಗಿದಾಗ ಪೆಟ್ಟು ಬೀಳುವುದು ಲಸಿಕೆಯ ಮೇಲೆ. 2010ರಲ್ಲಿ ಬಿಲ್ ಗೇಟ್ಸ್ ಒಂದು ಭಾಷಣದಲ್ಲಿ, ಒಳ್ಳೆಯ ಲಸಿಕೆ ಮತ್ತು ಆರೋಗ್ಯ ಸೇವೆಯಿಂದ ಜನಸಂಖ್ಯೆಯ ಏರಿಕೆ ತಗ್ಗಬಹುದು ಎಂದರು. ಹುಟ್ಟಿದ ಮಕ್ಕಳು ಉಳಿಯುತ್ತಾರೆಂಬ ಭರವಸೆ ಬಂದ ಕಡೆ ತಂದೆತಾಯಿ ಕಡಿಮೆ ಮಕ್ಕಳನ್ನು ಹೆರುತ್ತಾರೆ ಎಂಬುದು ಇದರ ಹಿಂದಿನ ತರ್ಕ. ಅದನ್ನೇ ಲಸಿಕೆಯಿಂದ ಜನರನ್ನು ಕೊಲ್ಲುವ ಯೋಜನೆ ಎಂದು ಹರಡಲಾಯಿತು. ಕೋವಿಡ್ ಕಾಲದಲ್ಲಿ ಲಸಿಕೆಯೇ ಮೃಗದ ಗುರುತಾಯಿತು. ಮಿಜೋರಾಂನ ಕೆಲವು ಸಣ್ಣ ಪಂಗಡಗಳು ಆಧಾರ್ ನೋಂದಣಿಯನ್ನು ಇದೇ ನಂಬಿಕೆಯಿಂದ ದೂರವಿಟ್ಟಿದ್ದವು. ಅಂತ್ಯಕಾಲದ ಲೆಕ್ಕವಿಲ್ಲದೆಯೂ ಇಂಥ ಅನುಮಾನ ಹೇಗೆ ಹಬ್ಬುತ್ತದೆಂಬುದಕ್ಕೆ ಕೀನ್ಯಾ ಉದಾಹರಣೆ. 2014ರಲ್ಲಿ ಅಲ್ಲಿನ ಕ್ಯಾಥೊಲಿಕ್ ಬಿಷಪರು, ಹೆಂಗಸರಿಗೆ ಕೊಡುತ್ತಿದ್ದ ಧನುರ್ವಾಯು ಲಸಿಕೆಯಲ್ಲಿ ಬಂಜೆತನ ತರುವ ಹಾರ್ಮೋನ್ ಇದೆ ಎಂದು ಆರೋಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದನ್ನು ಅಲ್ಲಗಳೆದವು. ಅನುಮಾನ ಶೂನ್ಯದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು: ಧನುರ್ವಾಯು ಲಸಿಕೆಯ ಅಂಶಕ್ಕೆ ಆ ಹಾರ್ಮೋನ್ ಜೋಡಿಸಿ ಗರ್ಭನಿರೋಧಕ ಚುಚ್ಚುಮದ್ದು ಮಾಡುವ ಸಂಶೋಧನೆ ದೆಹಲಿಯಲ್ಲಿ ಡಾ. ಜಿ.ಪಿ. ತಲ್ವಾರ್ ನೇತೃತ್ವದಲ್ಲಿ ನಡೆದಿತ್ತು, ಅದರ ಫಲಿತಾಂಶ ಬಹಿರಂಗವಾಗಿ ಪ್ರಕಟವೂ ಆಗಿತ್ತು. ಸಂಶೋಧನೆ ಇತ್ತೆಂದ ಮಾತ್ರಕ್ಕೆ ಅದನ್ನು ಗುಟ್ಟಾಗಿ ಚುಚ್ಚಿದರು ಎಂದಾಗುವುದಿಲ್ಲ. ಕೊಳೆಯಾದ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿದಾಗ ಹಸುಗೂಸನ್ನು ಕೊಲ್ಲುವ ರೋಗಕ್ಕೆ ತಾಯಿಗೆ ಕೊಡುವ ಆ ಲಸಿಕೆಯೇ ತಡೆ. ಅನುಮಾನದ ಬೆಲೆ ತೆರುವವರು ಆ ಕೂಸುಗಳು.

ಹಾಗಾದರೆ ಜನನದ ಪ್ರಮಾಣ ಎಲ್ಲೆಡೆ ಇಳಿಯುತ್ತಿರುವುದೇ ಸಂಚು ಫಲಿಸಿದ್ದಕ್ಕೆ ಸಾಕ್ಷಿಯಲ್ಲವೇ ಎಂಬ ಮಾತೂ ಬರುತ್ತದೆ. ಎರ್ಲಿಕ್ ಬರೆದಾಗ ಸುಮಾರು 350 ಕೋಟಿಯಿದ್ದ ಜನಸಂಖ್ಯೆ, ವಿಶ್ವಸಂಸ್ಥೆಯ ಅಂದಾಜಿನಂತೆ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತು. ಜನಸಂಖ್ಯೆಯನ್ನು ಇಳಿಸುವ ರಹಸ್ಯ ಸರ್ಕಾರವೊಂದು ಇದ್ದಿದ್ದರೆ ಅದು ಅರ್ಧ ಶತಮಾನ ಏನು ಮಾಡುತ್ತಿತ್ತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ, 2.0; ಕರ್ನಾಟಕದ್ದು 1.7. ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಬದುಕುಳಿಯುವ ಮಕ್ಕಳು, ಇವುಗಳ ಪಾಲು ಇದರಲ್ಲಿ ದೊಡ್ಡದು. ದಕ್ಷಿಣ ಕೊರಿಯಾದಲ್ಲಿ ಆ ದರ 2023ರಲ್ಲಿ 0.72ಕ್ಕೆ ಕುಸಿದಿತ್ತು, ಅಲ್ಲಿನ ಸರ್ಕಾರ ಮಕ್ಕಳನ್ನು ಹೆರಿ ಎಂದು ಹಣ ಕೊಡುತ್ತಿದೆ. ಒಂದೇ ಮಗು ಎಂದು ದಶಕಗಟ್ಟಲೆ ಹಿಂಸಿಸಿದ ಚೀನಾ 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ಕೊಟ್ಟಿತು. ಸರ್ಕಾರಗಳು ಕ್ರೂರವಾಗಬಲ್ಲವು, ಆದರೆ ಅವೆಲ್ಲ ಒಂದೇ ಗುಪ್ತ ಮಂಡಳಿಯ ಆಜ್ಞೆಗೆ ಕುಣಿಯುತ್ತಿಲ್ಲ.

ನಂಬಿಕೆಯನ್ನು ಪುರಾವೆಯಿಂದ ಅಳೆಯಬಾರದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕ್ರಿಸ್ತನ ಪುನರಾಗಮನದ ನಿರೀಕ್ಷೆ ನಂಬಿಕೆ, ಅದರ ಬಗ್ಗೆ ನಾನು ವಾದಿಸುತ್ತಿಲ್ಲ. ಇಂಥ ಲಸಿಕೆಯಲ್ಲಿ ಇಂಥ ವಿಷವಿದೆ ಎನ್ನುವುದು ಆರೋಪ, ಆರೋಪಕ್ಕೆ ಪುರಾವೆ ಬೇಕು. ಕೀನ್ಯಾದ ಬಿಷಪರು ಆರೋಪ ಮಾಡಿದ ಅದೇ 2014ರ ನವೆಂಬರಿನಲ್ಲಿ, ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಸರ್ಕಾರಿ ಶಿಬಿರಗಳಲ್ಲಿ ಸಂತಾನಹರಣ ಮಾಡಿಸಿಕೊಂಡ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಕೆಲವೇ ಗಂಟೆಗಳಲ್ಲಿ ಒಬ್ಬ ವೈದ್ಯ ಎಂಬತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮುಗಿಸಿದ್ದ. ಜನಸಂಖ್ಯಾ ನಿಯಂತ್ರಣದ ನಿಜವಾದ ಮುಖ ಅದು. ಸುಪ್ರೀಂ ಕೋರ್ಟಿನಲ್ಲಿ ದೇವಿಕಾ ಬಿಸ್ವಾಸ್ ಎಂಬ ಆರೋಗ್ಯ ಹಕ್ಕುಗಳ ಕಾರ್ಯಕರ್ತೆ 2012ರಲ್ಲೇ ಬಿಹಾರದ ಶಿಬಿರವೊಂದರ ಸ್ಥಿತಿಯ ಬಗ್ಗೆ ಅರ್ಜಿ ಹಾಕಿದ್ದರು. 2016ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು, ಮೂರು ವರ್ಷದೊಳಗೆ ಸಂತಾನಹರಣ ಶಿಬಿರಗಳನ್ನು ನಿಲ್ಲಿಸಬೇಕು, ಗುರಿ ನಿಗದಿ ಮಾಡಿ ಹೆಂಗಸರನ್ನು ಒತ್ತಾಯಿಸಬಾರದು, ಸತ್ತವರ ಲೆಕ್ಕವನ್ನೂ ಪರಿಹಾರದ ವಿವರವನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕು ಎಂದು ಸರ್ಕಾರಗಳಿಗೆ ಆದೇಶಿಸಿತು.