ಅಲಂಕೃತ ಸ್ನಾನಗೃಹ ಮತ್ತು ನಮ್ಮ ಹಿರಿಯರು

ಅಮೆರಿಕದ ನಮ್ಮ ಮನೆಗಳಲ್ಲಿ ಸ್ನಾನಗೃಹವೂ ಅಲಂಕಾರದ ಕೋಣೆಯೇ. ನಯವಾದ ಅಮೃತಶಿಲೆ, ಬಿಳಿಯ ಗೋಡೆ, ಬಿಳಿಯ ಕಮೋಡು, ಮೆತ್ತನೆಯ ಕಾಲೊರಸು: ನಾನೂ ಹಾಗೆಯೇ ಮಾಡಿಸಿದ್ದೆ. ಊರಿನಿಂದ ಬಂದಿದ್ದ ಎಪ್ಪತ್ತೆಂಟು ವರ್ಷದ ನನ್ನ ತಾಯಿ ಒಂದು ರಾತ್ರಿ ಅಲ್ಲಿ ಜಾರಿ, ಟವೆಲ್ ಕಂಬಿಯನ್ನು ಹಿಡಿದರು. ಅದು ಗೋಡೆಯಿಂದ ಕಿತ್ತು ಬಂದಿತು. ಸೊಂಟದ ಕೀಲಿನ ಬಳಿ ತೊಡೆಯೆಲುಬು ಮುರಿಯಿತು. ವೈದ್ಯನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ವೃದ್ಧರು ಹಾಸಿಗೆಯಿಂದ ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು. ರಕ್ತದೊತ್ತಡದ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಕಣ್ಣಿನಲ್ಲಿ ಪೊರೆಯಿದ್ದರೆ ಬಿಳಿಯ ನೆಲದ ಮೇಲಿನ ಬಿಳಿಯ ಕಮೋಡಿನ ಅಂಚು ಸ್ಪಷ್ಟವಾಗಿ ಕಾಣದು. ಟವೆಲ್ ಕಂಬಿ ಮನುಷ್ಯನ ಭಾರ ಹೊರುವುದಕ್ಕಾಗಿ ಮಾಡಿದ್ದಲ್ಲ. ಹಿಡಿಕಂಬಿಯನ್ನು ಜಿಪ್ಸಂ ಹಲಗೆಯ ಹಿಂದಿರುವ ಮರದ ಚೌಕಟ್ಟಿಗೇ ತಿರುಪು ಹಾಕಿ ಬಿಗಿಸಬೇಕು. ಇಲ್ಲಿನ ಸಾರ್ವಜನಿಕ ಕಟ್ಟಡಗಳ ನಿಯಮವು ನೆಲದಿಂದ 33ರಿಂದ 36 ಅಂಗುಲ ಎತ್ತರವನ್ನೂ 250 ಪೌಂಡ್ ತಾಳುವ ಬಲವನ್ನೂ ಕೇಳುತ್ತದೆ. ಮನೆಗೂ ಅದೇ ಒಳ್ಳೆಯ ಅಳತೆ. ಗೋಡೆಗೆ ಒತ್ತಿ ಅಂಟಿಸುವ ಕಂಬಿಗಳನ್ನು ನಂಬಬೇಡಿ.

ನೆಲದ ಮೇಲೆ ಬುಟ್ಟಿ, ಹೂದಾನಿ, ತೂಕದ ಯಂತ್ರ ಬೇಡ. ಕನ್ನಡಿಯ ಹಿಂದಿನ ಕಪಾಟಿನಲ್ಲಿ ಔಷಧಗಳನ್ನು ತುಂಬುವುದೂ ಸಲ್ಲದು. ಬಿಸಿ ಮತ್ತು ತೇವಕ್ಕೆ ಅವು ಕೆಡುತ್ತವೆ.

ಮಲೆನಾಡಿನ ನಮ್ಮ ಬಚ್ಚಲಿನಲ್ಲಿ ಒರಟು ಕಲ್ಲುಹಾಸು, ಹಂಡೆ, ತಂಬಿಗೆ, ಕುಳಿತುಕೊಳ್ಳಲು ಒಂದು ಮಣೆ, ಇಷ್ಟೇ ಇದ್ದವು. ಪಾಚಿ ಕಟ್ಟದಂತೆ ಉಜ್ಜಬೇಕಿತ್ತು, ನಿಜ. ಮಣೆಯ ಸ್ಥಾನದಲ್ಲಿ ಈಗ ಸ್ನಾನದ ಕುರ್ಚಿಯನ್ನು ಇರಿಸಿದ್ದೇನೆ.

ಹಿಡಿಕಂಬಿ ಹಾಕಿದರೆ ಮನೆ ಆಸ್ಪತ್ರೆಯಂತೆ ಕಾಣುತ್ತದೆಂಬ ಆಕ್ಷೇಪ ನಮ್ಮಲ್ಲೂ ಎದ್ದಿತ್ತು. ಹೊಳಪಿಲ್ಲದ ಕಪ್ಪು ಕಂಬಿಯನ್ನು ಆರಿಸಿದೆವು. ಬಿಳಿಯ ಗೋಡೆಯ ಮೇಲೆ ಅದು ಅಂದವಾಗಿಯೂ ಇದೆ, ತಾಯಿಯ ಕಣ್ಣಿಗೆ ಕೂಡಲೇ ಕಾಣುತ್ತದೆ ಕೂಡ.