ಹಳೆಯ ಗಣಕಕ್ಕೆ ಯಾವ ವ್ಯವಸ್ಥೆ?

ಮನೆಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಕೊಂಚ ಯೋಚಿಸಿ. ಯಂತ್ರಕ್ಕೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸುವುದೇ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹವಿದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಬೇಕು. ಹಳೆಯ ಎಷ್ಟೋ ಯಂತ್ರಗಳು ಇಲ್ಲಿಯೇ ಸೋಲುತ್ತವೆ.

ಇನ್ನೊಂದು ದಾರಿ ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ, 21ರ ಹರೆಯದಲ್ಲಿ, ಅದರ ತಿರುಳನ್ನು ಬರೆದರು. ಆ ತಿರುಳಿನ ಮೇಲೆ ಕಟ್ಟಿದ ಉಬುಂಟು, ಮಿಂಟ್ ಉಚಿತವಾಗಿ ದೊರೆಯುತ್ತವೆ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಇದೆ; ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆಯೂ ಇದೆ. ಆದರೆ ವಿಂಡೋಸ್‌ಗೆಂದೇ ಬರೆದ ತಂತ್ರಾಂಶಗಳು ಇಲ್ಲಿ ನೇರವಾಗಿ ನಡೆಯವು. ಕಾಲೇಜಿನ ಪಾಠಕ್ಕೆ ಅಂಥದ್ದೇ ಬೇಕಿದ್ದರೆ ವಿಂಡೋಸೇ ಸರಿ.

ಪರೀಕ್ಷಿಸುವುದು ಸುಲಭ. ಮೊದಲು ಕಡತಗಳ ಪ್ರತಿ ತೆಗೆದಿಡಿ. ಆಮೇಲೆ ಲಿನಕ್ಸನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಒಳಗಿನದೇನನ್ನೂ ಅಳಿಸದೆ, ವೈ-ಫೈ, ಪ್ರಿಂಟರ್, ಧ್ವನಿ ಸರಿಯಿವೆಯೇ ನೋಡಿ. ನಿಮ್ಮ ಕೆಲಸಗಳ ಪಟ್ಟಿ ಮೊದಲು, ವ್ಯವಸ್ಥೆಯ ಆಯ್ಕೆ ಆನಂತರ.